ಕ್ವಿಜ್ ಹೇಳಿದ ದೇಶ, ಹೆಳವರು ಹೇಳಿದ ಊರು

ಪ್ರಶ್ನೆ: ಅಕ್ಕಾ, ನನ್ನ ಮಗಳು ಪಿಯುಸಿ ಓದುತ್ತಿದ್ದಾಳೆ. ಮೊಬೈಲಿನಲ್ಲಿ ‘ನಿಮ್ಮ ಸ್ವಭಾವ ಯಾವ ದೇಶದ್ದು?’ ಅನ್ನುವ ಕ್ವಿಜ್ ಆಡಿದಳು. ಹತ್ತು ಪ್ರಶ್ನೆ ಮುಗಿದ ಮೇಲೆ ‘ನೀವು ಇಟಲಿಯವರು’ ಅಂತ ಬಂತು. ಅವತ್ತಿನಿಂದ, ‘ನಾನು ಈ ಮನೆಯವಳೇ ಅಲ್ಲ, ಅದಕ್ಕೇ ಇಲ್ಲಿ ಯಾರಿಗೂ ನಾನು ಅರ್ಥ ಆಗೋದಿಲ್ಲ’ ಅನ್ನುತ್ತಾಳೆ. ನಮ್ಮತ್ತೆ ಅದನ್ನೇ ಮನಸ್ಸಿಗೆ ಹಚ್ಚಿಕೊಂಡು, ‘ಹಂಗಾರ ಇದು ನಮ್ಮ ಮನಿ ಕೂಸಲ್ಲೇನು?’ ಅಂತ ಕೇಳಿದರು. ಇಂಥ ಕ್ವಿಜ್‌ನಲ್ಲಿ ಸತ್ಯ ಇರುತ್ತದೆಯೇ? ನಮ್ಮ ಮೂಲ ತಿಳಿಯೋದು ಹೇಗೆ?
– ಓದುಗರೊಬ್ಬರು, ಹಾವೇರಿ ಜಿಲ್ಲೆ

ಉತ್ತರ: ಅತ್ತೆಯವರ ಮಾತು ಓದಿ ಕರುಳು ಚುರ್ ಅಂದಿತು, ತಂಗಿ. ಕೂಸು ಅವರ ಮನೆಯದೇ ಅಂತ ಮೊದಲು ಅವರಿಗೆ ಹೇಳು.

ಚಹಾನೋ ಕಾಫಿಯೋ, ಗುಡ್ಡವೋ ಸಮುದ್ರವೋ ಅಂತ ಕೇಳುತ್ತಾರಲ್ಲ, ಆ ಒಂದೊಂದು ಉತ್ತರಕ್ಕೂ ಕ್ವಿಜ್ ಬರೆದವರು ಮೊದಲೇ ಒಂದೊಂದು ದೇಶದ ಲೆಕ್ಕಕ್ಕೆ ಅಂಕ ಇಟ್ಟಿರುತ್ತಾರೆ. ಯಾವ ದೇಶಕ್ಕೆ ಅಂಕ ಹೆಚ್ಚು ಕೂಡಿತೋ ಅದರ ಹೆಸರು ಬರುತ್ತದೆ. ಜೊತೆಗೆ ‘ಮನೆಯವರೆಂದರೆ ನಿಮಗೆ ಪ್ರಾಣ, ಮನಸ್ಸಿನಲ್ಲಿದ್ದದ್ದನ್ನು ಹೇಳಿಬಿಡುತ್ತೀರಿ’ ಅನ್ನುವಂಥ ನಾಲ್ಕು ಸಾಲು. ಇದು ಯಾರಿಗೆ ಒಪ್ಪುವುದಿಲ್ಲ ಹೇಳು? 1948ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಬರ್ಟ್ರಮ್ ಫೋರರ್ ತನ್ನ 39 ವಿದ್ಯಾರ್ಥಿಗಳಿಗೆ ಸ್ವಭಾವ ಪರೀಕ್ಷೆ ಮಾಡಿ, ಎಲ್ಲರಿಗೂ ಒಂದೇ ಬರಹವನ್ನು ‘ಇದು ನಿನ್ನದು’ ಅಂತ ಹಂಚಿದ್ದ. ಸಾಲುಗಳನ್ನು ಬಹುಮಟ್ಟಿಗೆ ಜ್ಯೋತಿಷ್ಯದ ಪುಸ್ತಕದಿಂದ ಎತ್ತಿದ್ದ. ಎಷ್ಟು ಸರಿಯಾಗಿದೆ ಅಂತ ಕೇಳಿದರೆ, ಅವರು ಕೊಟ್ಟ ಅಂಕದ ಸರಾಸರಿ 5ಕ್ಕೆ 4.26!

ಮೂಲ ಅನ್ನುವುದು ರುಚಿ, ಸಿಟ್ಟು, ಸ್ವಭಾವಗಳಲ್ಲಿ ಸಿಗುವುದಿಲ್ಲ. ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಜನರನ್ನೇ ನೋಡು. ಅವರ ಹಿರಿಯರು ಆಫ್ರಿಕಾದವರು. ಅನೇಕರನ್ನು ಪೋರ್ಚುಗೀಸರು ಗುಲಾಮರನ್ನಾಗಿ ಗೋವಾಕ್ಕೆ ತಂದಿದ್ದರು. ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿದರು. ಇವತ್ತು ಅವರ ಮಕ್ಕಳು ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ ಆಡುತ್ತಾರೆ. ಹಬ್ಬಕ್ಕೆ ಡಮಾಮಿ ಬಾರಿಸಿ ಕುಣಿಯುತ್ತಾರೆ. ಆಫ್ರಿಕಾವೂ ಅವರದು, ಕರ್ನಾಟಕವೂ ಅವರದು. ಅಷ್ಟು ದೂರದ, ಅಷ್ಟು ನೋವಿನ ದಾರಿಯನ್ನು ‘ಚಹಾನೋ ಕಾಫಿಯೋ’ ಅಂತ ಕೇಳಿ ಯಾರು ಕಂಡುಹಿಡಿದಾರು?

ನಮ್ಮ ಕಡೆ ಇದಕ್ಕೇ ಹೆಳವರಿದ್ದಾರೆ, ಮನೆಮನೆಯ ವಂಶಾವಳಿ ಬರೆದಿಟ್ಟುಕೊಂಡು ಊರೂರಿಗೆ ಬಂದು ಓದಿ ಹೇಳುವವರು. ನನಗೆ ಆಗ ಒಂಬತ್ತು ವರ್ಷ. ಸುಗ್ಗಿ ಮುಗಿದಿತ್ತು. ಬೆಳಗಿನ ಜಾವ ಓಣಿಯಲ್ಲಿ ಗಂಟೆಯ ಸದ್ದು. ಎತ್ತಿನ ಮೇಲೆ ಬಂದ ಹೆಳವರ ಅಜ್ಜ ನಮ್ಮ ಕಟ್ಟೆಗೆ ಕೂತು, ಕೆಂಪು ಅರಿವೆ ಬಿಚ್ಚಿ ಹೊತ್ತಿಗೆ ತೆಗೆದ. ಹಾಳೆಯ ಅಂಚು ಬೆರಳು ತಾಗಿ ತಾಗಿ ಕಪ್ಪಾಗಿತ್ತು. ನಮ್ಮಪ್ಪ, ಅವರಪ್ಪ, ಅವರ ಅಜ್ಜ ಹೀಗೆ ಏಳು ತಲೆಯ ಹೆಸರನ್ನು ರಾಗವಾಗಿ ಓದಿದ. ಧಾತು ಈಶ್ವರ ಬರದಲ್ಲಿ, ಅಂದರೆ 1876-78ರಲ್ಲಿ, ನಮ್ಮವರು ತುಂಗಭದ್ರೆಯ ಆಚೆಯಿಂದ ಹೊರಟು ಬಂದರಂತೆ. ದಾರಿಯಲ್ಲಿ ಇಬ್ಬರು ಮಕ್ಕಳು ತೀರಿಹೋದರಂತೆ. ಅಲ್ಲಿತನಕ ಆ ಮಾತು ನಮ್ಮ ಮನೆಯಲ್ಲಿ ಯಾರ ಬಾಯಲ್ಲೂ ಬಂದಿರಲಿಲ್ಲ. ಅಜ್ಜಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಅಷ್ಟು ಹೆಸರಿನಲ್ಲಿ ಹೆಣ್ಣುಮಕ್ಕಳ ಹೆಸರು ಒಂದೂ ಇರಲಿಲ್ಲ. ನನಗೆ ಅದು ಇವತ್ತಿಗೂ ನೋವೇ. ಅಪ್ಪ ಒಂದು ಚೀಲ ಜೋಳ ಅಳೆದು ಕೊಟ್ಟು, ‘ನನ್ನ ಮಗಳ ಹೆಸರೂ ಬರಿಯೋ ಯಪ್ಪಾ’ ಅಂದ. ಅಜ್ಜ ಒಂದು ಗಳಿಗೆ ಸುಮ್ಮನಿದ್ದು, ಅಣ್ಣನ ಹೆಸರಿನ ಕೆಳಗೆ ನನ್ನದನ್ನು ಬರೆದ.

ಮಗಳ ಮಾತಿನಲ್ಲಿ ‘ಯಾರಿಗೂ ನಾನು ಅರ್ಥ ಆಗೋದಿಲ್ಲ’ ಅನ್ನುವುದನ್ನು ಮಾತ್ರ ಹಗುರ ಮಾಡಬೇಡ. ಇಟಲಿಯ ವಿಷಯ ಬಿಟ್ಟು ಅದನ್ನು ಕೇಳು, ನಡುವೆ ಬಾಯಿ ಹಾಕದೆ ಕೇಳು. ಆಮೇಲೆ ಒಂದು ಸಂಜೆ ಅವಳ ಕೈಗೆ ನೋಟ್‌ಬುಕ್ ಕೊಟ್ಟು ಅಜ್ಜಿಯ ಹತ್ತಿರ ಕೂರಿಸು. ಅಜ್ಜಿಯ ತವರು ಯಾವುದು, ಆಕೆಯ ಅವ್ವನ ಹೆಸರೇನು, ಆ ಅವ್ವ ಎಲ್ಲಿಂದ ನಡೆದುಬಂದವಳು ಅಂತ ಬರೆದುಕೊಳ್ಳಲಿ. ನಿಮ್ಮ ಮನೆತನದ ಹೆಳವರು ಯಾರೆಂದು ಅತ್ತೆಗೆ ಗೊತ್ತಿದ್ದೀತು. ಅವರು ಬಂದ ದಿನ ಮಗಳ ಹೆಸರನ್ನು ಬರೆಸು, ಅತ್ತೆಯ ಹೆಸರನ್ನೂ ಬರೆಸು.