ಫಿಟ್ಸ್ ಬಂದ ಕಂದನಿಗೆ ವಿಟಮಿನ್ ಇ ಹನಿ ಕೊಡಬಹುದಾ?

ಪ್ರಶ್ನೆ: ಡಾಕ್ಟ್ರೇ, ನನ್ನ ಮಗು ಹುಟ್ಟಿದಾಗ ತಡವಾಗಿ ಅತ್ತಿತು. ಮಾರನೇ ದಿನ ಫಿಟ್ಸ್ ಬಂತು. ಎನ್‌ಐಸಿಯು (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಮುಗಿಸಿ ಈಗ ಮನೆಗೆ ಬಂದಿದ್ದೇವೆ. ಫಿಟ್ಸ್ ಬಂದರೆ ಮಿದುಳಲ್ಲಿ ಫ್ರೀ ರಾಡಿಕಲ್ (ಕೋಶಗಳನ್ನು ಹಾಳುಮಾಡುವ ಚುರುಕು ಕಣಗಳು) ಹುಟ್ಟುತ್ತವೆ ಅಂತ ಓದಿದೆ. ಅವನ್ನು ತಡೆಯಲು ವಿಟಮಿನ್ ಇ ಹನಿ ಕೊಡಬಹುದಾ? ಅತ್ತೆ ಬಾಲಗ್ರಹ ಅಂತಾರೆ, ಜೇನಿನಲ್ಲಿ ಬಜೆ ತೇಯ್ದು ನೆಕ್ಕಿಸೋಣ ಅಂತಾರೆ.
– ಒಬ್ಬ ತಾಯಿ, ವಿಜಯನಗರ, ಬೆಂಗಳೂರು

ಉತ್ತರ: ನೀವು ಓದಿದ್ದು ಸರಿ. ಆದರೆ ಹನಿ ಬೇಡ.

ಫಿಟ್ಸ್ ಹೊತ್ತಿನಲ್ಲಿ ನರಕೋಶಗಳು ಬಿಡುವಿಲ್ಲದೆ ಕೆರಳುತ್ತವೆ. ಗ್ಲುಟಮೇಟ್ ಅನ್ನೋ ರಾಸಾಯನಿಕ ಜಾಸ್ತಿಯಾಗಿ, ಕ್ಯಾಲ್ಸಿಯಂ ಕೋಶದೊಳಗೆ ನುಗ್ಗುತ್ತದೆ. ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾ ಆ ಹೊರೆ ತಾಳಲಾರದೆ ಸೂಪರ್‌ಆಕ್ಸೈಡ್ ಅನ್ನೋ ಫ್ರೀ ರಾಡಿಕಲ್ ಉಗುಳುತ್ತವೆ. ಅದು ನೈಟ್ರಿಕ್ ಆಕ್ಸೈಡ್ ಜೊತೆ ಸೇರಿದರೆ ಪೆರಾಕ್ಸಿನೈಟ್ರೈಟ್. ಇದು ಇನ್ನೂ ಕೆಟ್ಟದ್ದು, ಕೋಶದ ಪೊರೆ, ಪ್ರೋಟೀನ್, ಡಿಎನ್‌ಎ ಯಾವುದನ್ನೂ ಬಿಡುವುದಿಲ್ಲ. ದೊಡ್ಡವರಲ್ಲೂ ಹೀಗೇ ಅಲ್ವಾ ಅಂತ ಕೇಳಬಹುದು. ಹೌದು. ಆದರೆ ಎಳೇ ಮಿದುಳಲ್ಲಿ ಇವನ್ನು ಅಡಗಿಸುವ ಕ್ಯಾಟಲೇಸ್, ಗ್ಲುಟಥಯೋನ್ ಪೆರಾಕ್ಸಿಡೇಸ್ ಥರದ ಕಿಣ್ವಗಳು ಇನ್ನೂ ಕಡಿಮೆ. ನಿಮ್ಮ ಮಗು ತಡವಾಗಿ ಅತ್ತಿದೆ. ಆಮ್ಲಜನಕ ಕಡಿಮೆಯಾಗಿ ಮತ್ತೆ ರಕ್ತ ಹರಿಯತೊಡಗಿದಾಗಲೂ ಫ್ರೀ ರಾಡಿಕಲ್ ಹುಟ್ಟುತ್ತವೆ. ಹಾಗಾಗಿ ಯಾವ ಪಾಲು ಫಿಟ್ಸ್‌ನದು, ಯಾವುದು ಅದರ ಕಾರಣದ್ದು ಅಂತ ಬಿಡಿಸಿ ಹೇಳೋದು ಕಷ್ಟ. ಈ ತಿಳಿವಳಿಕೆ ಬಹುಪಾಲು ಹಂದಿಮರಿ, ಇಲಿಮರಿಗಳಿಂದ ಬಂದದ್ದು.

ಪ್ರಯೋಗಶಾಲೆಯಲ್ಲಿ ಗೆದ್ದದ್ದು ತೊಟ್ಟಿಲಲ್ಲಿ ಗೆಲ್ಲಬೇಕಲ್ಲ! ಎರಿಥ್ರೊಪೊಯೆಟಿನ್ ಅನ್ನೋ ಹಾರ್ಮೋನು ಔಷಧಿ ಮಿದುಳನ್ನು ಕಾಪಾಡುತ್ತದೆ ಅಂತ ದೊಡ್ಡ ಆಸೆಯಿತ್ತು. ಆಮ್ಲಜನಕ ಕೊರತೆಯಾದ ಸುಮಾರು 500 ಶಿಶುಗಳ ಮೇಲೆ ಅಮೆರಿಕದಲ್ಲಿ ನಡೆದ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಸಾವಾಗಲಿ ಅಂಗವೈಕಲ್ಯವಾಗಲಿ ಕಡಿಮೆಯಾಗಲಿಲ್ಲ. ಅವಧಿಗೆ ಮುಂಚೆ ಹುಟ್ಟಿದವರಿಗೆ ವಿಟಮಿನ್ ಇ ಜಾಸ್ತಿ ಕೊಟ್ಟಾಗ ರಕ್ತದ ಸೋಂಕು ಹೆಚ್ಚಿದ್ದೂ ಉಂಟು. ಫಿಟ್ಸ್ ನಿಲ್ಲಿಸಿ, ಅದರ ಕಾರಣ ಹುಡುಕಿ ಸರಿಮಾಡಿದರೆ ಫ್ರೀ ರಾಡಿಕಲ್ ಹುಟ್ಟೋದೇ ತಗ್ಗುತ್ತದೆ. ರಕ್ತದ ಸಕ್ಕರೆ, ಕ್ಯಾಲ್ಸಿಯಂ ಪರೀಕ್ಷೆ ಮಾಡಿದ್ದು ಅದಕ್ಕೇ. ಫಿಟ್ಸ್ ತಡೆಯುವ ಫಿನೋಬಾರ್ಬಿಟೋನ್ ಔಷಧಿ ಬರೆದಿದ್ದರೆ ಡೋಸ್ ತಪ್ಪಿಸಬೇಡಿ, ನೀವಾಗೇ ನಿಲ್ಲಿಸಲೂ ಬೇಡಿ.

ಅತ್ತೆಯವರಿಗೆ ಮೆತ್ತಗೆ ಹೇಳಿ: ಒಂದು ವರ್ಷ ತುಂಬುವ ತನಕ ಜೇನು ಕೂಡದು, ಬಾಟುಲಿಸಂ (ಸ್ನಾಯುಗಳ ಶಕ್ತಿ ಕುಂದಿಸುವ ವಿಷರೋಗ) ಬರುವ ಭಯವಿದೆ. ಬಜೆಯೂ ಬೇಡ. ಎದೆಹಾಲು ಸಾಕು.

ಇನ್ನೊಂದು ಮಾತು. ಎಳೇ ಮಕ್ಕಳ ಫಿಟ್ಸ್ ದೊಡ್ಡವರ ಹಾಗೆ ಕಾಣೋದಿಲ್ಲ. ಕಣ್ಣು ಒಂದೇ ಕಡೆ ನೆಟ್ಟಿರೋದು, ಬಾಯಿ ಚಪ್ಪರಿಸೋದು, ಸೈಕಲ್ ತುಳಿದ ಹಾಗೆ ಕಾಲಾಡಿಸೋದು, ಉಸಿರು ನಿಲ್ಲೋದು ಫಿಟ್ಸ್ ಇರಬಹುದು. ನಡುಗುವ ಕೈಯನ್ನು ಮೆಲ್ಲಗೆ ಹಿಡಿದರೆ ನಿಲ್ಲುತ್ತದಾ ನೋಡಿ. ನಿಂತರೆ ಬಹುತೇಕ ಬರೀ ನಡುಕ, ಆದರೂ ಡಾಕ್ಟರಿಗೆ ತಿಳಿಸಿ. ನಿಲ್ಲದಿದ್ದರೆ ಮನೆಯವರೊಬ್ಬರು ಮೊಬೈಲಲ್ಲಿ ವಿಡಿಯೊ ಮಾಡಲಿ, ನೀವು 108ಕ್ಕೆ ಫೋನ್ ಮಾಡಿ. ಈ ಟ್ರಾಫಿಕ್‌ನಲ್ಲಿ ಹೆಸರುವಾಸಿ ಆಸ್ಪತ್ರೆ ಹುಡುಕಿಕೊಂಡು ಊರಾಚೆ ಹೋಗಬೇಡಿ, ಎನ್‌ಐಸಿಯು ಇರುವ ಹತ್ತಿರದ ಆಸ್ಪತ್ರೆ ಯಾವುದು ಅಂತ ಇವತ್ತೇ ನೋಡಿಟ್ಟುಕೊಳ್ಳಿ.