ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದ ಅಮ್ಮ

ಆಪ್ತಸಲಹೆಗಾರ್ತಿಯಾದ ನನ್ನ ಬಳಿ ಈ ಥರದ ಪ್ರಕರಣ ಮತ್ತೆ ಮತ್ತೆ ಬರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಅವರಿಗೆ ಎಪ್ಪತ್ತರ ಆಸುಪಾಸು. ಕರೆತಂದವರು ಮಗಳು. "ಅಮ್ಮ ಮಂಕಾಗಿದ್ದಾರೆ, ಹೊರಗೆ ಬರಲ್ಲ, ನೀರು ಕೂಡ ಸರಿಯಾಗಿ ಕುಡಿಯಲ್ಲ" ಎಂದರು. ಖಿನ್ನತೆ ಇರಬಹುದು ಎಂದು ಅವರ ಅನುಮಾನ.

ಒಂದು ಸಲ ಮಗಳನ್ನು ಹೊರಗೆ ಕೂರಿಸಿ ನೀರಿನ ವಿಷಯವನ್ನೇ ಕೇಳಿದೆ. ಅಮ್ಮ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಕುಡಿದರೆ ಟಾಯ್ಲೆಟ್ಟಿಗೆ ಹೋಗಬೇಕಲ್ವಾ ಮೇಡಂ? ಕೂತರೆ ಏಳೋಕಾಗಲ್ಲ. ಅಲ್ಲಿಂದ ಮಗಳನ್ನ ಹೇಗೆ ಕರೀಲಿ?"

ತೊಡೆಯಲ್ಲಿ ಬಲವಿಲ್ಲದ್ದು ಅವರ ಮರ್ಯಾದೆಯ ಪ್ರಶ್ನೆಯಾಗಿತ್ತು. ಪಕ್ಕದಲ್ಲೇ ನಿಂತು, "ಕೈ ಊರದೆ ಏಳಿ ನೋಡೋಣ ಅಮ್ಮಾ" ಎಂದೆ. ಮುಂದೆ ಬಾಗಿದರು. ಮಂಡಿಗಳು ಒಳಕ್ಕೆ ವಾಲಿದವು. ಅರ್ಧ ಎದ್ದು ಮತ್ತೆ ಕೂತುಬಿಟ್ಟರು. ಕುರ್ಚಿಯ ಮೇಲೊಂದು ಗಟ್ಟಿ ದಿಂಬು ಹಾಕಿದೆ. ಈ ಸಲ ಎದ್ದು ನಿಂತರು. "ಇಷ್ಟು ಎತ್ತರದಿಂದ ನಿಮಗೆ ಆಗುತ್ತೆ. ಇಲ್ಲಿಂದಲೇ ಶುರು ಮಾಡೋಣ."

ಆಪ್ತಸಲಹೆಗಾರ್ತಿಗೆ ವ್ಯಾಯಾಮದ ಉಸಾಬರಿ ಯಾಕೆ ಎಂದು ಕೇಳುವವರಿದ್ದಾರೆ. ಕಾಲಿಗೆ ಬಲ ಬಾರದೆ ಬರೀ ಧೈರ್ಯದ ಮಾತಿಗೆ ಆ ಭಯ ಹೇಗೆ ಹೋದೀತು? ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಎಂಬ ಹಾರ್ಮೋನು ಇಳಿದು ಮೂಳೆ ಬೇಗ ಸವೆಯುತ್ತದೆ, ವಯಸ್ಸಾದಂತೆ ಸ್ನಾಯುವೂ ಕರಗುತ್ತದೆ. "ವಯಸ್ಸಾಯ್ತು, ಸುಮ್ನೆ ಕೂತಿರಿ" ಎನ್ನುವ ಪ್ರೀತಿ ಅದನ್ನು ಇನ್ನೂ ಜಾಸ್ತಿ ಮಾಡುತ್ತದೆ. 1990ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, 90ರ ಆಸುಪಾಸಿನ ವೃದ್ಧಾಶ್ರಮವಾಸಿಗಳು 8 ವಾರ ಭಾರ ಎತ್ತುವ ವ್ಯಾಯಾಮ ಮಾಡಿದರು. ಅವರ ಕಾಲಿನ ಬಲ ಸರಾಸರಿ ದುಪ್ಪಟ್ಟಿಗೂ ಮೀರಿ ಹೆಚ್ಚಿತ್ತು. 65 ದಾಟಿದವರೂ ವಾರಕ್ಕೆ ಕನಿಷ್ಠ 2 ದಿನ ಸ್ನಾಯು ಗಟ್ಟಿಯಾಗುವ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಹೇಳುತ್ತದೆ. ನಡಿಗೆ ಒಳ್ಳೆಯದೇ, ಆದರೆ ಅದೊಂದೇ ಸಾಲದು.

ಮೊದಲು ವೈದ್ಯರ ಬಳಿ ಬಿಪಿ, ಮಂಡಿ, ಮೂಳೆ ತೋರಿಸಲು ಹೇಳಿದೆ. ಆಮೇಲೆ ಫಿಸಿಯೋಥೆರಪಿಸ್ಟ್ ಕಲಿಸಿದಂತೆ ದಿಂಬಿಟ್ಟ ಕುರ್ಚಿಯಿಂದ ಎದ್ದು ಕೂರುವುದು, ಗೋಡೆ ತಳ್ಳುವುದು, ಹಿಮ್ಮಡಿ ಎತ್ತುವುದು. ಉಸಿರು ಬಿಗಿಹಿಡಿಯಬಾರದು. ಸಲೀಸಾದ ಕೂಡಲೇ ದಿಂಬು ತೆಗೆಯಬೇಕು, ಮುಂದೆ ಕೈಗೆ ತೂಕ. ಸುಲಭವಾದದ್ದನ್ನೇ ತಿಂಗಳುಗಟ್ಟಲೆ ಮಾಡುತ್ತಿದ್ದರೆ ಬಲ ಬೆಳೆಯುವುದಿಲ್ಲ.

ಅಮ್ಮನ ಒಪ್ಪಿಗೆ ಪಡೆದೇ ಮಗಳಿಗೆ ವಿಷಯ ತಿಳಿಸಿದೆ. ಅಮ್ಮನಾಗಿ ಕೇಳದೆ ಎಬ್ಬಿಸಲು ಕೈ ಚಾಚಬೇಡಿ ಎಂದೆ. ಅಮ್ಮ ಈಗ ದಿಂಬಿಲ್ಲದೆ ಏಳುತ್ತಾರೆ, ನೀರೂ ಕುಡಿಯುತ್ತಾರೆ. ಮಗಳಿಗೆ ಮಾತ್ರ ಕೈ ಚಾಚದೆ ನಿಲ್ಲುವುದು ಇನ್ನೂ ಕಷ್ಟ. ಅವರ ಜೊತೆ ಮಾತುಕತೆ ಮುಂದುವರಿದಿದೆ.