ಪದ್ಮಿನಿ ಕೊಳ್ಳುವ ಮೊದಲು ಬಾಗಿಲ ಕೆಳಗಿನ ತಗಡು ನೋಡಿ

ಸ್ನೇಹಿತರೇ, ಮೈಸೂರಿನ ವಿಜಯನಗರದಲ್ಲಿ ಮಾರಾಟಕ್ಕಿರುವ 1978ರ ಪ್ರೀಮಿಯರ್ ಪದ್ಮಿನಿ ಕಾರಿನ ಹನ್ನೊಂದು ಚಿತ್ರಗಳನ್ನು ಹಾಕಿ, ಪೂರ್ತಿ ರೆಸ್ಟೋರ್ ಆಗಿದೆ, ಅಂದರೆ ಮೊದಲಿನ ಸ್ಥಿತಿಗೆ ತಂದಿದ್ದೇವೆ ಎಂದು ಮಾರುವವರು ಹೇಳುತ್ತಾರೆ, ಕೇಳಿದ ಬೆಲೆ ಕೊಡಬಹುದೇ ಎಂದು ವಿಚಾರಿಸಿದ್ದೀರಿ. ಆ ಹನ್ನೊಂದರಲ್ಲಿ ಗಾಡಿಯ ಅಡಿಭಾಗದ ಚಿತ್ರ ಒಂದೂ ಇಲ್ಲವಾದ್ದರಿಂದ ಬೆಲೆಯ ಬಗ್ಗೆ ನಾನು ಏನೂ ಹೇಳಲಾರೆ. ಖುದ್ದಾಗಿ ಹೋದಾಗ ಏನು ನೋಡಬೇಕೆಂಬುದನ್ನು ಮಾತ್ರ ಬರೆಯುತ್ತೇನೆ.

ಪದ್ಮಿನಿಗೆ ಲಾರಿಗಿರುವಂತೆ ಪ್ರತ್ಯೇಕ ಚಾಸಿ, ಅಂದರೆ ಭಾರ ಹೊರುವ ಅಡಿ ಚೌಕಟ್ಟು, ಇಲ್ಲ. ನೆಲದ ತಗಡು, ಬಾಗಿಲುಗಳ ಕೆಳಗೆ ಉದ್ದಕ್ಕೂ ಹೋಗುವ ಟೊಳ್ಳು ಪಟ್ಟಿ, ಅದರಿಂದ ಮೇಲೇಳುವ ಕಂಬಗಳು, ಇವೆಲ್ಲ ಸೇರಿಯೇ ಭಾರ ಹೊರುತ್ತವೆ. ಬಾಗಿಲೊಳಗೆ ಇಳಿದ ಮಳೆನೀರು ಹೊರಹೋಗುವ ತೂತುಗಳು ಮಣ್ಣು ಕಟ್ಟಿಕೊಂಡರೆ ತುಕ್ಕು ಮೊದಲು ಹಿಡಿಯುವುದೂ ಬಾಗಿಲ ಕೆಳಗಿನ ಆ ಪಟ್ಟಿಯನ್ನೇ. ಎಂಟು ವರ್ಷಗಳ ಹಿಂದೆ ನಾನು ಮಂಡ್ಯಕ್ಕೆ ತಂದ ದಂತದ ಬಣ್ಣದ ಪದ್ಮಿನಿ ಕನ್ನಡಿಯಂತೆ ಹೊಳೆಯುತ್ತಿತ್ತು. ಮೊದಲ ಮಳೆಗಾಲ ಮುಗಿಯುವುದರೊಳಗೆ ಎಡ ಹಿಂಬಾಗಿಲ ಕೆಳಗೆ ಕಡಲೆಕಾಳಿನಷ್ಟು ಗುಳ್ಳೆಗಳೆದ್ದವು. ಟಿಂಕರಿಂಗ್ (ತಗಡಿನ ಕೆಲಸ) ಮಾಡುವವರು ಉಳಿಯಿಟ್ಟು ತಟ್ಟಿದೊಡನೆ, ಬಣ್ಣದಡಿ ತಗ್ಗು ಮುಚ್ಚಲು ಮೆತ್ತಿದ್ದ ಪುಟ್ಟಿ ಬಿಸ್ಕತ್ತಿನಂತೆ ಮುರಿದು ಬಿತ್ತು. ಅದರ ಹಿಂದೆ ತಗಡಿರಲಿಲ್ಲ, ಮಡಚಿ ತುರುಕಿದ್ದ ಹಳೆಯ ದಿನಪತ್ರಿಕೆಯಿತ್ತು.

ಆದ್ದರಿಂದ ಒಂದು ಚಿಕ್ಕ ಅಯಸ್ಕಾಂತವನ್ನು ತೆಳು ಬಟ್ಟೆಯಲ್ಲಿ ಸುತ್ತಿಕೊಂಡು ಹೋಗಿ. ಮೊದಲು ಛಾವಣಿಯ ಮೇಲಿಟ್ಟು ಅದರ ಸೆಳೆತ ಎಷ್ಟೆಂದು ಕೈಗೆ ಅಭ್ಯಾಸ ಮಾಡಿಕೊಳ್ಳಿ. ಅನಂತರ ಬಾಗಿಲ ಕೆಳಗಿನ ಪಟ್ಟಿ, ಮಡ್‌ಗಾರ್ಡಿನ ಅಂಚು, ಹೆಡ್‌ಲೈಟಿನ ಸುತ್ತ ಹಾಗೂ ಡಿಕ್ಕಿಯಲ್ಲಿ ಸ್ಟೆಪ್ನಿ ಇಡುವ ಜಾಗದಲ್ಲಿ ಆಡಿಸಿ ನೋಡಿ. ತೆಳುವಾದ ಪುಟ್ಟಿ ತಪ್ಪೇನಲ್ಲ, ಇಷ್ಟು ಹಳೆಯ ತಗಡನ್ನು ಪುಟ್ಟಿಯಿಲ್ಲದೆ ನುಣುಪು ಮಾಡುವವರು ವಿರಳ. ಆದರೆ ಅಯಸ್ಕಾಂತ ನಿಲ್ಲದೆ ಜಾರಿದರೆ ಅಲ್ಲಿ ತಗಡಿನ ಕೆಲಸ ಆಗಿಲ್ಲ, ಮುಚ್ಚುವ ಕೆಲಸ ಮಾತ್ರ ಆಗಿದೆ. ಮಾರುವವರು ಒಪ್ಪಿದರೆ ಒಂದು ಬದಿಗೆ ಜಾಕ್ ಕೊಟ್ಟು, ಚಕ್ರ ನೆಲ ಬಿಟ್ಟ ಮೇಲೆ ಆ ಬದಿಯ ಬಾಗಿಲನ್ನು ತೆರೆದು ಮುಚ್ಚಿ ನೋಡಿ. ಮೊದಲು ಸಲೀಸಾಗಿದ್ದ ಬಾಗಿಲು ಈಗ ಬಿಗಿಹಿಡಿದರೆ ಬಾಡಿಯೇ ಬಾಗುತ್ತಿದೆ ಎಂದರ್ಥ; ಅಂಥ ಗಾಡಿ ಎಷ್ಟು ಅಗ್ಗವಾದರೂ ನಾನು ಬೇಡವೆನ್ನುತ್ತೇನೆ. ಅಡಿಭಾಗಕ್ಕೆ ಹೊಸದಾಗಿ ಕಪ್ಪು ಕೋಟಿಂಗ್ ಬಳಿದಿದ್ದರೆ ಅದರ ಹಿಂದೆ ಏನಿದೆ ಎಂದು ಕೇಳಲು ಸಂಕೋಚ ಬೇಡ.

ಬಣ್ಣದ ಕೆಲಸದ ಶ್ರದ್ಧೆಯನ್ನು ಮುಂದಿನ ಗಾಜಿನ ರಬ್ಬರು ಹೇಳುತ್ತದೆ. ಅದರ ಅಂಚನ್ನು ಉಗುರಿನಿಂದ ತುಸು ಎತ್ತಿದಾಗ ಕೆಳಗೆ ಹಳೆಯ ಬಣ್ಣ ಕಂಡರೆ, ಅಥವಾ ರಬ್ಬರಿನ ಮೇಲೆಯೇ ಬಣ್ಣ ಹಾರಿದ್ದರೆ, ಗಾಜು ಬಿಚ್ಚದೆ ಪೇಂಟ್ ಹೊಡೆದಿದ್ದಾರೆ. ನಾಲ್ಕೂ ಬಾಗಿಲ ಸಂದುಗಳು ಮೇಲಿನಿಂದ ಕೆಳಗಿನವರೆಗೆ ಒಂದೇ ಅಗಲವಾಗಿರಬೇಕು. ಕಣ್ಣು ಪಳಗಬೇಕೆಂದರೆ ಶ್ರೀರಂಗಪಟ್ಟಣದ ಹತ್ತಿರದ ‘ಪಯಣ’ ಕಾರು ವಸ್ತುಸಂಗ್ರಹಾಲಯದಲ್ಲಿ ಅರ್ಧ ದಿನ ಕಳೆದು, ಅಲ್ಲಿನ ಗಾಡಿಗಳ ಸಂದು, ಕ್ರೋಮು, ಬೀಡಿಂಗ್‌ಗಳನ್ನು ನೋಡಿ ಬಂದರೆ ಸಾಕು.

ಎಂಜಿನ್ನಿನ ಬಗ್ಗೆ ನನಗೆ ಅಷ್ಟು ಚಿಂತೆಯಿಲ್ಲ. 1089 ಸಿಸಿಯ ಆ ಎಂಜಿನ್ ಬಲ್ಲ ಹಳೆಯ ಮೆಕ್ಯಾನಿಕ್ಕುಗಳು ನಮ್ಮ ಕಡೆ ಇನ್ನೂ ಇದ್ದಾರೆ; ಕೆಟ್ಟರೆ ಮಾಡಿಸಬಹುದು. ಆದರೂ ನೀವು ಬರುವ ಮೊದಲೇ ಬಿಸಿ ಮಾಡಿಡದಂತೆ ತಿಳಿಸಿ, ಬಾನೆಟ್ ಮುಟ್ಟಿ ತಣ್ಣಗಿದೆ ಎಂದು ಖಚಿತಪಡಿಸಿಕೊಂಡು ಸ್ಟಾರ್ಟ್ ಮಾಡಿಸಿ. ಚಾಮುಂಡಿ ಬೆಟ್ಟ ಹತ್ತುವಾಗ ಟೆಂಪರೇಚರ್ ಮುಳ್ಳಿನ ಮೇಲೆ ಕಣ್ಣಿರಲಿ. ಇಳಿಯುವಾಗ ಸ್ವಲ್ಪ ದೂರ ಆಕ್ಸಿಲರೇಟರ್ ಒತ್ತದೆ ಗೇರಿನಲ್ಲೇ ಬಂದು ಆಮೇಲೆ ಆಕ್ಸಿಲರೇಟರ್ ಒತ್ತಿದಾಗ ಹಿಂದೆ ನೀಲಿ ಹೊಗೆ ಎದ್ದರೆ ಆಯಿಲ್ ಉರಿಯುತ್ತಿದೆ. ಬ್ರೇಕುಗಳೆಲ್ಲ ಡ್ರಮ್ ಆದ್ದರಿಂದ ಇಂದಿನ ಕಾರಿನ ಹಿಡಿತ ನಿರೀಕ್ಷಿಸಬೇಡಿ; ಗಾಡಿ ಒಂದು ಕಡೆಗೆ ಎಳೆಯದಿದ್ದರೆ ಸಾಕು. ಸ್ಟೇರಿಂಗ್ ಪಕ್ಕದ ಗೇರ್ ಕಡ್ಡಿ ಸಡಿಲವಾಗಿ ತೂಗಾಡಿದರೆ ಅದನ್ನು ಗೇರ್‌ಬಾಕ್ಸಿಗೆ ಜೋಡಿಸುವ ಲಿಂಕುಗಳ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ.

ಇನ್ನು ಕಾಗದಪತ್ರ. ಎಂಜಿನ್ ಮತ್ತು ಚಾಸಿ ನಂಬರುಗಳನ್ನು ಆರ್‌ಸಿಯೊಂದಿಗೆ ಅಂಕಿ ಅಂಕಿಯಾಗಿ ತಾಳೆ ನೋಡಿ, ಬಣ್ಣ ಬದಲಾಗಿದ್ದರೆ ಅದು ಆರ್‌ಸಿಯಲ್ಲಿ ನಮೂದಾಗಿದೆಯೇ, 15 ವರ್ಷಗಳ ನಂತರದ ನೋಂದಣಿ ನವೀಕರಣ ಚಾಲ್ತಿಯಲ್ಲಿದೆಯೇ ಎಂದೂ ಗಮನಿಸಿ. ಜಾಹೀರಾತಿನಲ್ಲಿ ‘ವಿಂಟೇಜ್’ ಎಂದು ಬರೆದುಕೊಂಡಿರುವುದಕ್ಕೆ ಹೆಚ್ಚು ಹಣ ಕೊಡಬೇಡಿ. 2021ರ ಕೇಂದ್ರ ನಿಯಮದ ಪ್ರಕಾರ ಆ ಹೆಸರು ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ವಾಹನಕ್ಕೆ ಮಾತ್ರ ಸಲ್ಲುತ್ತದೆ.

ತಗಡನ್ನು ಬರಿದು ಮಾಡಿದ್ದಾಗಿನ, ಪ್ಯಾಚ್ ಬೆಸೆಯುತ್ತಿದ್ದಾಗಿನ ಚಿತ್ರಗಳನ್ನು ಕೇಳಿ ಪಡೆದು ಇಲ್ಲಿ ಹಾಕಿ. ಅವು ಇಲ್ಲವೆಂದರೆ ರೆಸ್ಟೋರ್ ಆದ ಗಾಡಿಯ ಬೆಲೆ ಬಿಟ್ಟು, ಓಡುವ ಹಳೆಯ ಗಾಡಿಯ ಬೆಲೆಯಿಂದ ಮಾತು ಶುರು ಮಾಡಿ. ಭಾನುವಾರ ಬೆಳಿಗ್ಗೆ ಹೋಗುವುದಾದರೆ ತಿಳಿಸಿ, ಮಂಡ್ಯದಿಂದ ಜಾಕ್ ಸಮೇತ ನಾನೂ ಬರುತ್ತೇನೆ.